ಕಣ್ಣಂಚಿನ ಸುಕ್ಕುಗಳ ನಿಧನವಾರ್ತೆ

ತುಮಕೂರು,
ಫೆಬ್ರವರಿ 30, 2171

ಹಿಂದಿನ ಕಾಲದ ಮಹನೀಯರೇ, ಮಹಿಳೆಯರೇ,

ನಮ್ಮ ಕುಟುಂಬದ ಹಿರಿಯರಾದ ಕುಮಾರಿ ರತುನಮ್ಮನವರ ಎರಡೂ ಕಣ್ಣುಗಳ ಅಂಚಿನಲ್ಲಿ ಅರ್ಧ ಶತಮಾನದಿಂದ ನೆಲೆಸಿದ್ದ ಸುಕ್ಕುಗಳು ಕಳೆದ ತಿಂಗಳು ಒಂದು ದಿನ ಮಧ್ಯಾಹ್ನದ ಊಟಕ್ಕೆ ಮುಂಚೆ ದೈವಾಧೀನವಾದುವೆಂದು ತಿಳಿಸಲು ವಿಷಾದಿಸುತ್ತೇವೆ. ಮೃತರು ಬಂಧುಬಳಗದ ಯಾರನ್ನೂ ಅಗಲಲಿಲ್ಲ. ಹಣೆಯ ಅಡ್ಡಗೆರೆಗಳನ್ನೂ ಬಾಯಿಯ ಇಕ್ಕೆಲದ ಮಡಿಕೆಗಳನ್ನೂ ಜೊತೆಯಲ್ಲೇ ಕರೆದುಕೊಂಡು ಹೋದರು. ಮುಂದಿನ ಕ್ರಿಯಾಕರ್ಮದ ವಿವರ ಪತ್ರದ ಕೊನೆಯಲ್ಲಿದೆ. ಅಲ್ಲಿಯವರೆಗೆ ದಯವಿಟ್ಟು ಯಾರೂ ಎದ್ದು ಹೋಗಬೇಡಿ.

ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತೆಂದು ನೀವೀಗ ಹುಬ್ಬೇರಿಸಿರುತ್ತೀರಿ. ಏರಿಸಿ, ಚೆನ್ನಾಗಿ ಏರಿಸಿ. ಏರಿಸಲು ಬರುವವರು ಏರಿಸಬೇಕು. ನಮ್ಮ ಸರ್ಕಾರಕ್ಕೆ ಏರುಪೇರು ಕಂಡರೆ ಆಗುವುದಿಲ್ಲವಾದ್ದರಿಂದ ಕ್ಯಾಲೆಂಡರಿಗೂ ಇಸ್ತ್ರಿ ಹಾಕಿ ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿದ್ದಾರೆ. ಮಿಕ್ಕ ಐದು ದಿನಗಳನ್ನು ವಯಸ್ಸಿನ ಲೆಕ್ಕಕ್ಕೆ ಹಿಡಿಯಬಾರದೆಂದು ಕಾನೂನಿದೆ. ಈ ಪತ್ರದ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಬಹುದು, ಕ್ಷಮಿಸಿ. ಮುಂತಡೆ, ನುಡಿಮುಖ, ಮರುಮುಖ ಎಂಬ ಪದಗಳನ್ನು ನಾವು ಅನ್ನ, ಸಾರು ಎಂಬಷ್ಟು ಸಲೀಸಾಗಿ ಆಡುತ್ತೇವೆ. ಆದರೆ ಅವುಗಳನ್ನು ಹೆತ್ತವರು ನೀವೇ ಆದ್ದರಿಂದ ಮುಖಪರಿಚಯಕ್ಕೆ ಬಹಳ ಹೊತ್ತು ಹಿಡಿಯಲಾರದು.

ಮುಂತಡೆ ಎಂದರೆ, ಸುಕ್ಕು ಬಂದ ಮೇಲೆ ಓಡಿಸುವುದು ದಡ್ಡತನ, ಬರುವ ಮುಂಚೆಯೇ ಬಾಗಿಲು ಹಾಕಿಕೊಳ್ಳುವುದು ಜಾಣತನ ಎಂಬ ತತ್ವ. ನಿಮ್ಮ ಕಾಲದ, ಇಪ್ಪತ್ತೆರಡು ತುಂಬಿದ ಹುಡುಗಿಯೊಬ್ಬಳು ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತು, ಇನ್ನೂ ಇಲ್ಲದ ಗೆರೆಯನ್ನು ಬೆರಳಿನಿಂದ ಎಳೆದೆಳೆದು ಹುಡುಕುತ್ತಿದ್ದಳಲ್ಲ, ಅದೇ ಈ ತತ್ವದ ಜನ್ಮಸ್ಥಳ. ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮಿನ ಬಗ್ಗೆ ನನ್ನ ತಕರಾರಿಲ್ಲ. ಹಚ್ಚಿಕೊಳ್ಳಿ, ಕತ್ತಿಗೂ ಹಚ್ಚಿಕೊಳ್ಳಿ. ನಿಮ್ಮ ಬಿಸಿಲನ್ನು ನಾವೀಗ ಬೆಳದಿಂಗಳು ಎನ್ನುತ್ತೇವೆ. ತಕರಾರು ಇರುವುದು ಅದರ ಮುಂದಿನ ಹೆಜ್ಜೆಗೆ. ಬಿಸಿಲನ್ನು ತಡೆದಾದ ಮೇಲೆ, ಬಿಸಿಲಿಗಿಂತ ಹೆಚ್ಚು ಗೆರೆ ಎಳೆಯುವುದು ನಗು ಎಂದು ಯಾರೋ ಒಬ್ಬ ಜಾಣನಿಗೆ ಹೊಳೆಯಿತು. ನಗುವಿಗೆ ಹಚ್ಚುವ ಕ್ರೀಮು ಇರಲಿಲ್ಲ. ಹಾಗಾಗಿ ನಗುವ ಸ್ನಾಯುವನ್ನೇ ಮಲಗಿಸಿದರು. ಮೊದಮೊದಲು ಕೆಲವು ತಿಂಗಳ ಮಟ್ಟಿಗೆ, ಆಮೇಲೆ ಕೆಲವು ವರ್ಷಗಳ ಮಟ್ಟಿಗೆ, ನನ್ನ ಮುತ್ತಜ್ಜನ ಕಾಲಕ್ಕೆ ಒಂದೇ ಸಲಕ್ಕೆ, ಶಾಶ್ವತವಾಗಿ.

ಈಗ ಮುಂತಡೆ ನಮ್ಮಲ್ಲಿ ಒಂದು ಶಾಸ್ತ್ರ. ಮಗನಿಗಾಗಲಿ ಮಗಳಿಗಾಗಲಿ ಇಪ್ಪತ್ತು ತುಂಬಿದ ವರ್ಷ ಒಳ್ಳೆಯ ದಿನ ನೋಡಿ ಚಪ್ಪರ ಹಾಕಿಸುತ್ತೇವೆ. ಬೆಳ್ಳಿ ತಟ್ಟೆಯಲ್ಲಿ ಅರಿಶಿನ ಕುಂಕುಮದ ನಡುವೆ ಸೂಜಿ ಇಟ್ಟು ಹಿರಿಯರಿಗೆಲ್ಲ ಮುಟ್ಟಿಸಿಕೊಂಡು ಬರುತ್ತೇವೆ. ಸೋದರಮಾವ ತನ್ನ ಮಡಿಲಲ್ಲಿ ಅವರ ತಲೆ ಇಟ್ಟುಕೊಳ್ಳಬೇಕು. ಡಾಕ್ಟರು ಚುಚ್ಚುವಾಗ ಗಟ್ಟಿಮೇಳ. ಅವತ್ತು ಒಬ್ಬಟ್ಟಿನ ಊಟ, ಆದರೆ ಯಾರಿಗಾಗಿ ಒಬ್ಬಟ್ಟು ತಟ್ಟಿದ್ದೋ ಅವರೊಬ್ಬರಿಗೇ ತಿನ್ನಲಾಗುವುದಿಲ್ಲ, ತುಟಿ ಮರಗಟ್ಟಿರುತ್ತದೆ. ಅವರಿಗೆ ನಳಿಗೆಯಲ್ಲಿ ಪಾಯಸ. ಇಪ್ಪತ್ತೊಂದಾದರೂ ಶಾಸ್ತ್ರವಾಗದಿದ್ದರೆ ಅಕ್ಕಪಕ್ಕದವರು ಕಾಂಪೌಂಡಿನ ಮೇಲಿಂದ ಬಗ್ಗಿ, ಯಾಕ್ರೀ ಇನ್ನೂ ಮಾಡಿಸಿಲ್ಲ, ಮನೇಲಿ ಏನಾದರೂ ತೊಂದರೆಯಾ ಎಂದು ವಿಚಾರಿಸಿಕೊಳ್ಳುತ್ತಾರೆ. ಮುತುವರ್ಜಿಯ ತಂದೆತಾಯಿಗಳು ಹದಿನಾರಕ್ಕೇ ಮುಗಿಸಿ ಊರಿಡೀ ಹೇಳಿಕೊಂಡು ತಿರುಗುತ್ತಾರೆ.

ಮುಖ ಮಲಗಿದ ಮೇಲೆ ಅದರ ಕೆಲಸವನ್ನು ಯಾರಾದರೂ ಮಾಡಬೇಕಲ್ಲ, ಅದು ನಾಲಿಗೆಯ ಪಾಲಿಗೆ ಬಂತು. ಅದಕ್ಕೆ ನುಡಿಮುಖ ಎನ್ನುತ್ತೇವೆ. ಗೆಳೆಯ ಜೋಕು ಹೇಳಿದರೆ ನಾವು ಸಾವಧಾನವಾಗಿ "ನಕ್ಕೆ" ಎನ್ನುತ್ತೇವೆ. ಬಹಳ ಚೆನ್ನಾಗಿದ್ದರೆ "ಬಿದ್ದು ಬಿದ್ದು ನಕ್ಕೆ" ಎನ್ನುತ್ತೇವೆ, ಬೀಳುವುದಿಲ್ಲ. ಧಾರೆಯ ಹೊತ್ತಿಗೆ ಮದುಮಗಳು ಮೈಕಿನಲ್ಲಿ "ನಾಚಿಕೊಂಡೆ" ಎಂದು ಹೇಳಬೇಕು, ವಿಡಿಯೋದವನು ಕೇಳಿಸಲಿಲ್ಲವೆಂದರೆ ಇನ್ನೊಮ್ಮೆ ನಾಚಿಕೊಳ್ಳಬೇಕು. ಸಾವಿನ ಮನೆಯ ಬಾಗಿಲಲ್ಲಿ ಸಾಲಾಗಿ ನಿಂತು "ದುಃಖವಾಗಿದೆ, ದುಃಖವಾಗಿದೆ" ಎಂದು ಹೇಳಿ ಕಾಫಿ ಕುಡಿದು ಬರುತ್ತೇವೆ. ಸುಳ್ಳು ಹೇಳುವುದು ಬಹಳ ಸುಲಭವಾಗಿದೆ. ನಿಜ ಹೇಳಿದರೂ ಹಾಗೇ ಕೇಳಿಸುವುದು ಮಾತ್ರ ಸ್ವಲ್ಪ ತೊಂದರೆ.

ಉಳಿದಂತೆ ಎಲ್ಲ ಸುಂದರವಾಗಿದೆ. ನನಗೆ ಅರವತ್ತೇಳು, ನನ್ನ ಹೆಂಡತಿ ಶಾರ್ವರಿಗೆ ಅರವತ್ತನಾಲ್ಕು, ಮಗಳು ಇಬ್ಬನಿಗೆ ಮೂವತ್ತು. ಮೂವರೂ ನಿಂತು ತೆಗೆಸಿಕೊಂಡ ಫೋಟೋ ಹಾಸ್ಟೆಲಿನ ಗ್ರೂಪ್ ಫೋಟೋದಂತಿದೆ. ಮದುವೆ ಮನೆಗಳಲ್ಲಿ ಯಾರು ಯಾರ ಕಾಲಿಗೆ ಬೀಳಬೇಕೆಂಬುದು ಇತ್ಯರ್ಥವಾಗದೆ ಊಟ ತಡವಾಗುತ್ತದೆ. ಹೋದ ವರ್ಷ ನಿವೃತ್ತ ಪ್ರಿನ್ಸಿಪಾಲರೊಬ್ಬರು ತಮ್ಮ ವಿದ್ಯಾರ್ಥಿಯ ಕಾಲಿಗೆ ಬಿದ್ದರು, ಅವನೂ ಆಶೀರ್ವಾದ ಮಾಡಿ ಕಳಿಸಿದ. ಬಸ್ಸಿನಲ್ಲಿ ಯಾರೂ ಯಾರಿಗೂ ಸೀಟು ಬಿಡುವುದಿಲ್ಲ. ಮಂಡಿಗೆ ಮುಂತಡೆಯಿಲ್ಲ, ಸೊಂಟಕ್ಕಿಲ್ಲ, ಮೂತ್ರಕೋಶಕ್ಕಂತೂ ಇಲ್ಲವೇ ಇಲ್ಲ. ಹಾಗಾಗಿ ಕಾಲೇಜು ಹುಡುಗರಂಥ ಮುಖದ ನಾವೆಲ್ಲ ಕಂಬಿ ಹಿಡಿದುಕೊಂಡು ಒಳಗೊಳಗೇ ಅಮ್ಮಾ ಎನ್ನುತ್ತ ಊರು ಸೇರುತ್ತೇವೆ.

ಇಂಥ ಊರಿನಲ್ಲಿ ಮುದುಕಿಯ ಮುಖವಿದ್ದ ಮುದುಕಿ ಒಬ್ಬಳೇ ಒಬ್ಬಳಿದ್ದಳು. ನಮ್ಮ ಅಪ್ಪನ ಕಿರಿಯ ತಂಗಿ, ನನ್ನ ಸೋದರತ್ತೆ, ರತುನತ್ತೆ. ಅವಳೇನೋ ಹೋರಾಟಗಾರ್ತಿ, ಸಹಜ ಸೌಂದರ್ಯದ ಪ್ರತಿಪಾದಕಿ ಎಂದೆಲ್ಲ ತಿಳಿಯಬೇಡಿ. ಅವಳಿಗೆ ಸೂಜಿ ಕಂಡರೆ ಭಯ, ಅಷ್ಟೇ. ಶಾಸ್ತ್ರದ ದಿನ ಬೆಳ್ಳಿ ತಟ್ಟೆ ನೋಡಿದ್ದೇ ಹಿತ್ತಲ ಬಾಗಿಲಿನಿಂದ ಓಡಿಹೋಗಿ ಗೆಳತಿಯ ಮನೆಯಲ್ಲಿ ಅಡಗಿಕೊಂಡಳು. ವಾರ ಬಿಟ್ಟು ಬಂದು, ಬೆಂಗಳೂರಿನಲ್ಲಿ ದೊಡ್ಡ ಡಾಕ್ಟರ ಹತ್ತಿರವೇ ಮಾಡಿಸಿಕೊಂಡು ಬಂದೆ ಎಂದು ಒಂದು ಸುಳ್ಳು ಬಿಟ್ಟಳು. ನಗು ಬಂದಾಗೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದು "ನಕ್ಕೆ" ಎನ್ನುವುದನ್ನು ಅಭ್ಯಾಸ ಮಾಡಿಕೊಂಡಳು. ಮೂವತ್ತರವರೆಗೆ ಯಾರಿಗೂ ಅನುಮಾನ ಬರಲಿಲ್ಲ. ಆಮೇಲೆ ಸತ್ಯ ತಾನಾಗಿಯೇ ಮುಖದ ಮೇಲೆ ಬರತೊಡಗಿತು.

ಅಲ್ಲಿಂದ ರತುನತ್ತೆ ಮುಖಕ್ಕೆ ದುಪಟ್ಟಾ ಸುತ್ತಿಕೊಂಡಳು. ಕೇಳಿದವರಿಗೆ ಧೂಳಿನ ಅಲರ್ಜಿ ಎನ್ನುತ್ತಿದ್ದಳು. ಬಂದ ಗಂಡುಗಳಿಗೆಲ್ಲ ಏನಾದರೊಂದು ಕೊಂಕು ತೆಗೆದು ಕಳಿಸಿದಳು, ಮುಸುಕು ತೆಗೆಯಬೇಕಾಗುತ್ತದಲ್ಲ. ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಬ್ಬಳೇ ಇದ್ದಳು. ಅಂಗಡಿಗೆ ಬಂದ ಯಾವ ಕ್ರೀಮನ್ನೂ ಬಿಟ್ಟವಳಲ್ಲ, ಹಚ್ಚಿ ಹಚ್ಚಿ ಒರೆಸಿ, ಕಂಪನಿಯವರ ವಂಶವನ್ನೇ ಬಯ್ಯುತ್ತಿದ್ದಳು. ಸಮಾರಂಭಗಳಿಗೆ ಅವಳನ್ನು ಕರೆಯುತ್ತಿರಲಿಲ್ಲ, ಊಟವನ್ನು ಮಾತ್ರ ಡಬ್ಬಿಯಲ್ಲಿ ಕಳಿಸುತ್ತಿದ್ದೆವು. ಸುಕ್ಕು ನೋಡಿದರೆ ಎಳೆಯರು ಬೆಚ್ಚುತ್ತಾರೆ ಎಂಬ ನಂಬಿಕೆ ನಮ್ಮಲ್ಲಿದೆ. ಎಳೆಯರಿಗೆ ತೋರಿಸಿ ಪರೀಕ್ಷಿಸಿದವರು ಯಾರೂ ಇರಲಿಲ್ಲ.

ಹೋದ ವರ್ಷ ಇಬ್ಬನಿಗೆ ಹೆಣ್ಣು ಮಗುವಾಯಿತು. ಪುಟ್ಟಿ ಎನ್ನುತ್ತೇವೆ. ಹಾಲು ಕುಡಿಯಿತು, ನಿದ್ದೆ ಮಾಡಿತು, ಬೆಳೆಯಿತು, ನಗಲಿಲ್ಲ. ಮೂರು ತಿಂಗಳಿಗೂ ನಗಲಿಲ್ಲ, ಆರು ತಿಂಗಳಿಗೂ ನಗಲಿಲ್ಲ. ಡಾಕ್ಟರನ್ನು ಕೇಳಿದರೆ, ಈಗೆಲ್ಲ ಮಕ್ಕಳು ಹೀಗೇ, ಯೋಚನೆ ಮಾಡಬೇಡಿ, ಮಾತು ಬಂದ ಮೇಲೆ ನುಡಿಮುಖ ಕಲಿಯುತ್ತದೆ ಎಂದರು. ಇಬ್ಬನಿಗೆ ಸಮಾಧಾನವಾಗಲಿಲ್ಲ. ಹಾಗಿದ್ದರೆ ಒಂದು ನಾಯಿ ಸಾಕಿ, ಅದರ ಮುಖವಾದರೂ ಅಲ್ಲಾಡುತ್ತದೆ, ದಿನಕ್ಕೆ ಎರಡು ಹೊತ್ತು ತೋರಿಸಿ ಎಂದು ಬರೆದುಕೊಟ್ಟರು. ತೋರಿಸಿದೆವು. ಪುಟ್ಟಿ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುವುದನ್ನು ಕಲಿತಳು. ಇಬ್ಬನಿ ಇಡೀ ದಿನ ತೊಟ್ಟಿಲ ಪಕ್ಕ ಕೂತು, "ಅಮ್ಮ ನಗ್ತಾ ಇದ್ದೀನಿ ಪುಟ್ಟಿ, ನೋಡು, ಅಮ್ಮ ನಗ್ತಾ ಇದ್ದೀನಿ" ಎನ್ನುತ್ತಿದ್ದಳು. ಪುಟ್ಟಿ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಆಮೇಲೆ ಫ್ಯಾನು ನೋಡುತ್ತಿದ್ದಳು. ಫ್ಯಾನು ತಿರುಗುತ್ತಿತ್ತು. ಇಬ್ಬನಿಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅದರ ಸುತ್ತಲಿನ ಮುಖಕ್ಕೆ ಆ ವಿಷಯ ತಿಳಿದಂತೆ ಕಾಣುತ್ತಿರಲಿಲ್ಲ.

ಒಂದು ದಿನ ರತುನತ್ತೆಯ ಮನೆಯಲ್ಲಿ ನೀರು ನಿಂತಿತು. ಸ್ನಾನಕ್ಕೆಂದು ನಮ್ಮಲ್ಲಿಗೆ ಬಂದಳು. ಸ್ನಾನ ಮುಗಿಸಿ, ನಡುಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಬರಿ ಮುಖದಲ್ಲೇ ತಲೆ ಒರೆಸಿಕೊಳ್ಳುತ್ತ ಅಲ್ಲಿಗೆ ಬಂದವಳು ಚಾಪೆಯ ಮೇಲೆ ಮಲಗಿದ್ದ ಪುಟ್ಟಿಯನ್ನು ಕಂಡು ನಿಂತಳು. ಪುಟ್ಟಿ ಕಣ್ಣು ಮಿಟುಕಿಸದೆ ನೋಡತೊಡಗಿತು. ಯಾರೂ ನೋಡಬಾರದೆಂದು ಬಚ್ಚಿಟ್ಟುಕೊಂಡ ಮುಖವನ್ನು ಅಂಗೈಯಗಲದ ಕೂಸೊಂದು ಹಾಗೆ ನೋಡಿದರೆ ಅವಳಿಗೆ ಸಿಟ್ಟು ಬಾರದೇ ಇರುತ್ತದೆಯೇ?

"ಏನೇ ಹಂಗೆ ಗುರಾಯಿಸ್ತಿದ್ದೀಯಾ? ಮುದುಕೀನ ಯಾವತ್ತೂ ನೋಡಿಲ್ವಾ?"

ನೋಡಿರಲಿಲ್ಲ. ಅತ್ತೆಯ ಹಣೆ ಗಂಟಾಯಿತು, ಮೂಗು ಸೊಟ್ಟಗಾಯಿತು, ಕೆನ್ನೆ ಮೇಲೆ ಕೆಳಗೆ ಹೋಯಿತು. ಒಂದೇ ಮುಖದಲ್ಲಿ ಅಷ್ಟೊಂದು ನಡೆಯಬಹುದೆಂದು ಪುಟ್ಟಿಗೆ ಯಾರೂ ಹೇಳಿರಲಿಲ್ಲ. ಪುಟ್ಟಿ ಕಾಲು ಝಾಡಿಸಿ, ಹಲ್ಲಿಲ್ಲದ ಬಾಯಿ ಅಗಲ ಮಾಡಿ ನಕ್ಕಿತು. ಅದನ್ನು ಕಂಡು ರತುನತ್ತೆಗೂ ತಡೆಯಲಾಗಲಿಲ್ಲ. ಸೆರಗು ಅಡ್ಡ ಹಿಡಿಯುವುದು ಮರೆತುಹೋಯಿತು. ಅಡುಗೆಮನೆಯಲ್ಲಿದ್ದ ಇಬ್ಬನಿ ಆ ಸದ್ದಿಗೆ ಓಡಿ ಬಂದಳು. ಅತ್ತೆ ಗಾಬರಿಯಾಗಿ ಒದ್ದೆ ಟವೆಲನ್ನೇ ಮುಖದ ಮೇಲೆ ಎಳೆದುಕೊಂಡಳು.

"ಮುಚ್ಕೋಬೇಡಿ ಅಜ್ಜಿ," ಎಂದಳು ಇಬ್ಬನಿ. "ನಿಮ್ಮ ಕಾಲಿಗೆ ಬೀಳ್ತೀನಿ, ಮುಖ ಮುಚ್ಕೋಬೇಡಿ."

ಅವತ್ತಿನಿಂದ ರತುನತ್ತೆ ದಿನಾ ಬಂದಳು. ದುಪಟ್ಟಾವನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಿದ್ದಳು. ಅವಳಿಗೆ ಗತ್ತೂ ಬಂದಿತು. ಕಾಫಿಗೆ ಸಕ್ಕರೆ ಕಡಿಮೆಯಾದರೆ ಇವತ್ತು ನಗುವುದಿಲ್ಲ ಎಂದು ಹೆದರಿಸುತ್ತಿದ್ದಳು. ಪುಟ್ಟಿ ಅವಳ ಕಣ್ಣಂಚಿನ ಗೆರೆಗಳ ಮೇಲೆ ಬೆರಳಿಟ್ಟು ಕಾಯುತ್ತಿತ್ತು. ಗೆರೆ ಆಳವಾಗುವುದು ಬೆರಳಿಗೆ ತಿಳಿದ ಕೂಡಲೇ, ನಗು ಬಾಯಿಗೆ ಬರುವ ಮುಂಚೆಯೇ, ತಾನು ನಗುತ್ತಿತ್ತು. ಆಮೇಲೆ ಆ ನಗುವನ್ನು ಹೊತ್ತುಕೊಂಡು ಇಬ್ಬನಿಯ ಕಡೆ ತಿರುಗುತ್ತಿತ್ತು. ಇಬ್ಬನಿ "ನಕ್ಕೆ ಕಂದಾ" ಎನ್ನುತ್ತಿದ್ದಳು. ಪುಟ್ಟಿ ಸ್ವಲ್ಪ ಹೊತ್ತು ಕಾದು ಮತ್ತೆ ಅತ್ತೆಯ ಕಡೆ ತಿರುಗುತ್ತಿತ್ತು.

ಪುಟ್ಟಿಯ ಮೊದಲ ವರ್ಷದ ಹುಟ್ಟುಹಬ್ಬ ಬಂತು. ಮುನ್ನೂರು ಜನರನ್ನು ಕರೆದಿದ್ದೆವು. ಮುಂದಿನ ಸಾಲಿನಲ್ಲಿ ನಡುಮಧ್ಯೆ ರತುನತ್ತೆ ಕೂರಬೇಕೆಂದು ಇಬ್ಬನಿ ಹಟ ಹಿಡಿದಳು. ಅತ್ತೆ ಒಪ್ಪಲಿಲ್ಲ. "ನಿಮ್ಮೆಲ್ಲರ ಮಧ್ಯೆ ನಾನೊಬ್ಬಳು ಇಸ್ತ್ರಿ ಕಾಣದ ಸೀರೆ ಥರ ಕೂತ್ಕೋಬೇಕಾ? ಬರಲ್ಲ ಹೋಗ್ರೋ," ಎಂದಳು. ಹೇಳಿದ ಮೇಲೆ ಮುಖ ತಿರುಗಿಸಿಕೊಂಡಳು. ಅದು ತಮಾಷೆಯಲ್ಲವೆಂದು ತಿಳಿಯಲು ನುಡಿಮುಖ ಬೇಕಾಗಿರಲಿಲ್ಲ.

ಈಗ ಬರುವುದನ್ನು ನಿಧಾನವಾಗಿ ಓದಿ. ನಾವು ಕೆಟ್ಟ ಜನರಲ್ಲ. ಮನೆಯವರೆಲ್ಲ ಕೂತು, ಇಷ್ಟು ದೊಡ್ಡ ಉಪಕಾರ ಮಾಡಿದ ಜೀವಕ್ಕೆ ಏನು ಕೊಟ್ಟರೆ ಸಂತೋಷವಾದೀತೆಂದು ಯೋಚಿಸಿದೆವು. ನಮಗೆ ಗೊತ್ತಿದ್ದ ದೊಡ್ಡ ಉಡುಗೊರೆ ಒಂದೇ. ಮರುಮುಖ ಎಂಬುದೊಂದು ಹೊಸದಾಗಿ ಬಂದಿದೆ. ಎಷ್ಟೇ ವಯಸ್ಸಾಗಿರಲಿ, ಇರುವ ಗೆರೆಗಳನ್ನೆಲ್ಲ ಅಳಿಸಿ, ಮತ್ತೆ ಏಳದಂತೆ ಮಲಗಿಸುತ್ತಾರೆ. ಸೂಜಿಯಿಲ್ಲ, ಬರೀ ಲೇಪ. ಹೇಳಿದ್ದು ಇಬ್ಬನಿ, ದಿನ ಗೊತ್ತು ಮಾಡಿದ್ದು ಶಾರ್ವರಿ, ಕಾರಿನಲ್ಲಿ ಕರೆದುಕೊಂಡು ಹೋದದ್ದು ನಾನು. ಸೂಜಿಯಿಲ್ಲವೆಂದು ಕೇಳಿ ರತುನತ್ತೆ ಅಳತೊಡಗಿದಳು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಎಂಬತ್ತನಾಲ್ಕು ವರ್ಷದ ಮುಖ ಕೊನೆಯ ಸಲ ಖುಷಿಪಟ್ಟದ್ದನ್ನು ಅಷ್ಟು ಹತ್ತಿರದಿಂದ ನೋಡಿದವನು ನಾನೊಬ್ಬನೇ. ಒಂದು ಫೋಟೋ ತೆಗೆದುಕೊಳ್ಳಬೇಕೆಂದು ಯಾರಿಗಾದರೂ ಹೊಳೆಯುತ್ತಿತ್ತು. ನಾನು ಸಿಗ್ನಲ್ ನೋಡುತ್ತಿದ್ದೆ.

ಹುಟ್ಟುಹಬ್ಬದ ದಿನ ರತುನತ್ತೆ ತೆರೆದ ಮುಖದಲ್ಲಿ ಚಪ್ಪರದೊಳಗೆ ನಡೆದು ಬಂದಳು. ಮುನ್ನೂರು ಜನ ಒಕ್ಕೊರಲಿನಿಂದ "ಬೆರಗಾದೆವು" ಎಂದರು. ಯಾವ ಕಾಲೇಜಮ್ಮಾ ಎಂದು ಒಬ್ಬರು ಕೇಳಿದರು. ಮುಂದಿನ ಸಾಲಿನ ನಡುವೆ ಕೂರಿಸಿ, ಮಡಿಲಿಗೆ ಪುಟ್ಟಿಯನ್ನು ಕೊಟ್ಟೆವು. ಫೋಟೋದವನು ಎಲ್ಲರೂ ಇತ್ತ ನೋಡಿ ಎಂದ.

ಪುಟ್ಟಿ ಅತ್ತ ನೋಡಲಿಲ್ಲ. ಅತ್ತೆಯ ಕಣ್ಣಂಚಿಗೆ ಬೆರಳಿಟ್ಟು ಕಾದಳು. ಕತ್ತಲಲ್ಲಿ ಸ್ವಿಚ್ಚು ತಡಕಾಡುವವರಂತೆ ಬೆರಳನ್ನು ಅಷ್ಟಷ್ಟೇ ಸರಿಸಿದಳು. ಇನ್ನೊಂದು ಕಣ್ಣಿನ ಅಂಚಿಗೂ ಇಟ್ಟು ನೋಡಿದಳು. ಆಮೇಲೆ ಅತ್ತೆಯ ಭುಜದ ಮೇಲಿಂದ ಬಗ್ಗಿ, ನಿಜವಾದವಳು ಬೆನ್ನ ಹಿಂದೆ ಇರಬಹುದೆಂದು ಹುಡುಕಿದಳು. ಅಲ್ಲಿ ನಾನಿದ್ದೆ.

"ನಗ್ತಾ ಇದ್ದೀನಿ ಕಣೇ," ಎಂದಳು ರತುನತ್ತೆ. ಮೂವತ್ತು ವರ್ಷವಾಗುವವರೆಗೆ ಆಡಿ ಬಿಟ್ಟ ಮಾತು ಅದು, ಅಭ್ಯಾಸ ತಪ್ಪಿಹೋಗಿತ್ತು. "ನೋಡೇ, ನಾನೇ ಕಣೇ. ನಗ್ತಾ ಇದ್ದೀನಲ್ಲೇ."

ಪುಟ್ಟಿ ತಲೆ ಎತ್ತಿ ಚಪ್ಪರಕ್ಕೆ ಕಟ್ಟಿದ್ದ ಫ್ಯಾನು ನೋಡಿದಳು. ಫೋಟೋ ಬಹಳ ಚೆನ್ನಾಗಿ ಬಂದಿದೆ.

ಮಾರನೆಯ ದಿನವೇ ಅತ್ತೆ ಮರುಮುಖ ಮಾಡಿದ ಅಂಗಡಿಗೆ ಹೋಗಿ, ನನ್ನದು ನನಗೆ ವಾಪಸ್ಸು ಕೊಡಿ ಎಂದು ಕೂತಳು. ಅಲ್ಲಿದ್ದ ಹುಡುಗಿ, ಹುಡುಗಿಯೋ ಅಜ್ಜಿಯೋ ದೇವರೇ ಬಲ್ಲ, ಬಹಳ ವಿನಯದಿಂದ ಸಮಾಧಾನ ಹೇಳಿದಳು: "ಹೆದರ್ಬೇಡಿ ಮೇಡಂ, ಯಾವತ್ತೂ ವಾಪಸ್ ಬರಲ್ಲ. ನಮ್ಮ ಗ್ಯಾರಂಟಿ ಇದೆ." ಜೊತೆಗೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈಗ ಶಿಶು ಮುಂತಡೆಯೂ ಬಂದಿದೆ, ನಗುವ ಅಭ್ಯಾಸವಾಗುವ ಮುಂಚೆಯೇ ಮಾಡಿಸಿದರೆ ಒಳ್ಳೆಯದು ಎಂದು ಒಂದು ಚೀಟಿ ಕೊಟ್ಟು ಕಳಿಸಿದಳು. ಅತ್ತೆ ಅದನ್ನು ಅಲ್ಲೇ ಹರಿದಳಂತೆ. ಅವಳಿಗೆಷ್ಟು ಕೋಪ ಬಂದಿತ್ತೆಂದು ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಈಗ ಅವಳು ಬರುವಾಗ ಮತ್ತೆ ದುಪಟ್ಟಾ ಸುತ್ತಿಕೊಂಡು ಬರುತ್ತಾಳೆ. ಮುಸುಕಿನ ಹಿಂದಿನಿಂದ ಬಯ್ಯುತ್ತಾಳೆ, ರೇಗಿಸುತ್ತಾಳೆ. ದನಿ ಕೇಳಿದ ಕೂಡಲೇ ಪುಟ್ಟಿಯ ಕೈಕಾಲು ಆಡತೊಡಗುತ್ತದೆ. ಅಂಬೆಗಾಲಿಟ್ಟು ಬಂದು, ಮಡಿಲು ಹತ್ತಿ, ಆತುರದಿಂದ ಮುಸುಕು ಎಳೆಯುತ್ತದೆ. ಮುಸುಕು ಸರಿಯುತ್ತದೆ. ದಿನವೂ ಇದೇ ಆಗುತ್ತದೆ, ದಿನವೂ ಎಳೆಯುತ್ತದೆ. ಎಳೆಯುವುದನ್ನೂ ಎಂದು ಬಿಟ್ಟೀತೋ ಎಂದು ಇಬ್ಬನಿ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಅವಳ ಮುಖ ಇಪ್ಪತ್ತರ ಹರೆಯದಲ್ಲಿ ಲಕಲಕ ಹೊಳೆಯುತ್ತಿರುತ್ತದೆ.

ಒಂದು ಹಳೆಯ ಮುಖವಾದರೂ ಸಿಕ್ಕರೆ ಗೋಡೆಗೆ ಹಾಕಿ ತೋರಿಸೋಣವೆಂದು ನಿಮ್ಮ ಕಾಲದ ಫೋಟೋಗಳಿಗೆ ಕೈ ಹಾಕಿದೆ. ಕೋಟಿಗಟ್ಟಲೆ ಬಿಟ್ಟು ಹೋಗಿದ್ದೀರಿ, ಸಂತೋಷ. ಊಟದ ತಟ್ಟೆಗಳು ಯಥಾವತ್ತಾಗಿವೆ, ಒಗ್ಗರಣೆಯ ಸಾಸಿವೆಯನ್ನೂ ಎಣಿಸಬಹುದು. ಮುಖ ಮಾತ್ರ ಒಂದೂ ಇಲ್ಲ. ನಿಮ್ಮ ಫೋನು ತೆಗೆದ ಕೂಡಲೇ ತಾನೇ ಒರೆಸಿ ನುಣ್ಣಗೆ ಮಾಡಿದೆ, ನೀವು ಮೇಲಿಂದ ಇನ್ನೊಮ್ಮೆ ಒರೆಸಿದ್ದೀರಿ. ತೊಂಬತ್ತು ವರ್ಷದ ಅಜ್ಜಿಯೂ ಬೇಯಿಸಿ ಸುಲಿದ ಮೊಟ್ಟೆಯಂತಿದ್ದಾಳೆ. ಶ್ರದ್ಧಾಂಜಲಿಯ ಫಲಕಕ್ಕೂ ಮೂವತ್ತನೇ ವಯಸ್ಸಿನ ಫೋಟೋವನ್ನೇ ಹುಡುಕಿ ಹಾಕಿದ್ದೀರಿ. ಸೂಜಿ ಹಿಡಿಯುವುದಕ್ಕೆ ಎಷ್ಟೋ ಮುಂಚೆಯೇ ನೀವು ಕೆಲಸ ಮುಗಿಸಿದ್ದಿರಿ. ನಾವು ಬರೀ ಚರ್ಮಕ್ಕೆ ಅದರ ನಕಲು ಮಾಡಿಕೊಂಡೆವು.

ಬಯ್ಯಲು ಬರೆದ ಪತ್ರವಲ್ಲ ಇದು, ಬಯ್ದದ್ದಾಯಿತು, ಹೋಗಲಿ. ಮೊದಲೇ ಹೇಳಿದ ಕ್ರಿಯಾಕರ್ಮ ಇಷ್ಟೇ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಚೆನ್ನಾಗಿ ಸುಕ್ಕುಬಿದ್ದ ಒಬ್ಬರಿರುತ್ತಾರೆ. ಅವರದೊಂದು ಫೋಟೋ ತೆಗೆಯಿರಿ. ಫೋನಿನಲ್ಲಿ ಮುಖ ನುಣ್ಣಗೆ ಮಾಡುವುದೊಂದು ಇರುತ್ತದಲ್ಲ, ಅದನ್ನು ಮೊದಲು ತೆಗೆದುಹಾಕಿ. ಹಲ್ಲಿಲ್ಲ, ಬೇಡ ಕಣಪ್ಪ ಎಂದು ಅವರು ಕೈ ಅಡ್ಡ ಹಿಡಿಯುತ್ತಾರೆ. ಏನಾದರೂ ಹೇಳಿ ನಗಿಸಿ, ಕೈ ಇಳಿದ ಗಳಿಗೆಯಲ್ಲೇ ಒತ್ತಿ. ಕಾಗದದ ಮೇಲೆ ಅಚ್ಚು ಹಾಕಿಸಿ, ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿ ಹಾಸಿದ ಪೇಪರಿನ ಅಡಿಗೆ ಇಟ್ಟುಬಿಡಿ. ಅಲ್ಲಿ ಇಟ್ಟದ್ದನ್ನು ಯಾರೂ ತೆಗೆಯುವುದಿಲ್ಲ. ನಿಮ್ಮ ಬೀರುಗಳು ಈಗಲೂ ಗಟ್ಟಿಯಾಗಿವೆ, ನಮ್ಮ ಮನೆಯಲ್ಲೇ ಎರಡಿವೆ. ನಾನು ದಿನಾ ಬೆಳಿಗ್ಗೆ ಪೇಪರು ಎತ್ತಿ ನೋಡುತ್ತಿರುತ್ತೇನೆ.

ಮಗು ಬೆರಳಿಟ್ಟು ಮುಟ್ಟಿ ಮುಟ್ಟಿ ನೋಡುತ್ತದೆ. ಆದ್ದರಿಂದ ಕಾಗದ ಸ್ವಲ್ಪ ದಪ್ಪದ್ದಾದರೆ ಒಳ್ಳೆಯದು.

ಇತಿ,
ಪುಟ್ಟಿಯ ತಾತ